ಬಂದೆ ಎಂದವರು ಬರುವುದಿಲ್ಲ

ಬೈಗುಳ ಕೇಳಿದರೆ ನನಗೆ ಅಷ್ಟೇನೂ ಸಿಟ್ಟು ಬರುವುದಿಲ್ಲ. ಬೈಯುವವರು ಮನಸ್ಸಿನಲ್ಲಿದ್ದುದನ್ನೇ ಬಾಯಲ್ಲಿ ಆಡುತ್ತಾರೆ, ಅಷ್ಟರಮಟ್ಟಿಗೆ ಅವರನ್ನು ನಂಬಬಹುದು. ನನ್ನ ರಕ್ತದೊತ್ತಡ ಏರಿಸುವುದು ದಾವಣಗೆರೆಯ ಸಭ್ಯಸ್ಥರು ದಿನವಿಡೀ ನಗುನಗುತ್ತಾ ಆಡುವ ಒಂದು ಸಾಧು ಮಾತು: "ಬಂದೆ."

ಶಾಲೆಯಲ್ಲಿ ಕಾಲಪಲ್ಲಟ ಎಂಬ ವ್ಯಾಕರಣ ಪಾಠವಿತ್ತು. ಒಂದು ಕಾಲದಲ್ಲಿ ಹೇಳಬೇಕಾದ ಕ್ರಿಯೆಯನ್ನು ಇನ್ನೊಂದು ಕಾಲದಲ್ಲಿ ಹೇಳುವುದು. ಹೆಚ್ಚು ಅಂಕಕ್ಕೆ ಬರುವ ಪ್ರಶ್ನೆಯಲ್ಲವಾದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಈಗ ನೋಡಿದರೆ ಇಡೀ ಊರು ಅದರ ಮೇಲೆಯೇ ನಡೆಯುತ್ತಿದೆ. ದರ್ಜಿ "ಆಯಿತು" ಎಂದರೆ ಬಟ್ಟೆ ಇನ್ನೂ ಕತ್ತರಿಯ ಮುಖ ಕಂಡಿಲ್ಲ ಎಂದರ್ಥ. ಮದುವೆ ಮನೆಯಲ್ಲಿ ಅಡುಗೆಯವರು "ಬಡಿಸಿದೆವು" ಎಂದರೆ ಒಲೆ ಹತ್ತಿದೆ, ಸದ್ಯಕ್ಕೆ ಅಷ್ಟೇ. ನನ್ನ ಮಗ ಪ್ರತಿದಿನ ಬೆಳಿಗ್ಗೆ "ಎದ್ದೆ" ಎನ್ನುವುದು ಹೊದಿಕೆಯ ಒಳಗಿನಿಂದ. ಇವರ ಭವಿಷ್ಯತ್ಕಾಲವನ್ನಾದರೂ ನಂಬಬಹುದು, ಭೂತಕಾಲವನ್ನು ಮಾತ್ರ ನಂಬಬಾರದು.

ನಮ್ಮ ಬಡಾವಣೆಗೆ ನಲ್ಲಿ ನೀರು ದಿನಾ ಬರುವುದಿಲ್ಲ. ಬಿಟ್ಟ ದಿನ ಸಂಪು, ಡ್ರಮ್ಮು, ಕೊಡ, ಹಂಡೆ ಎಲ್ಲ ತುಂಬಿ, ಕೊನೆಗೆ ಚೊಂಬನ್ನೂ ಬಿಡಬಾರದು. ಅಂಥದೊಂದು ಬೆಳಿಗ್ಗೆ ಸಂಪಿನ ಪೈಪಿನ ವಾಲ್ವ್ ಕಿತ್ತುಕೊಂಡು ಬಂತು. ನೀರು ಚಿಮ್ಮಿ ಪಕ್ಕದ ಮನೆಯ ಗೋಡೆ ತೊಳೆಯತೊಡಗಿತು. ಹಳೆಯ ಪಂಚೆಯೊಂದನ್ನು ಪೈಪಿಗೆ ಸುತ್ತಿ, ಒಂದು ಕೈಯಿಂದ ಅದನ್ನು ಅದುಮಿ ಹಿಡಿದು ಕುಕ್ಕರಗಾಲಿನಲ್ಲಿ ಕುಳಿತು, ಇನ್ನೊಂದು ಕೈಯಿಂದ ಪ್ಲಂಬರ್‌ಗೆ ಫೋನ್ ಮಾಡಿದೆ.

"ಬಂದೆ ಅಕ್ಕಾ, ಇಲ್ಲೇ ಇದ್ದೇನೆ."

"ಇಲ್ಲೇ ಎಂದರೆ ಎಲ್ಲಪ್ಪಾ?"

"ರೈಲ್ವೆ ಗೇಟ್ ಹತ್ತಿರ. ಗೇಟ್ ಹಾಕಿದ್ದಾರೆ."

ರೈಲು ಹಳಿ ಊರಿನ ನಟ್ಟನಡುವೆ ಹಾದುಹೋಗಿರುವುದು ದಾವಣಗೆರೆಯ ಸೋಮಾರಿಗಳಿಗೆ ಬ್ರಿಟಿಷರ ಕಾಲದಿಂದಲೂ ಸಿಕ್ಕಿರುವ ಸೌಲಭ್ಯ. ಅಶೋಕ ರಸ್ತೆಯ ಗೇಟಿನ ಹೆಸರು ಹೇಳಿ ಕಚೇರಿಗೆ, ಕಾಲೇಜಿಗೆ, ಮುಹೂರ್ತಕ್ಕೆ ತಡವಾಗಿ ಹೋದವರ ಲೆಕ್ಕ ಇಟ್ಟವರಿಲ್ಲ. ಆದ್ದರಿಂದ ನಾನೂ ಸುಮ್ಮನಾದೆ. ಅಷ್ಟರಲ್ಲಿ ಫೋನಿನಲ್ಲಿ ಉದ್ದನೆಯ ಕೂಗು ಕೇಳಿಸಿತು. "ನೋಡಿ ಅಕ್ಕಾ, ರೈಲು ಬಂತು" ಎಂದ. ಸ್ವಲ್ಪ ಹೊತ್ತಿಗೆ ಇನ್ನೊಂದು ಕೂಗು. ಆಮೇಲೆ ಮತ್ತೊಂದು. ಅದರ ಬೆನ್ನಿಗೇ ಹೆಂಗಸಿನ ದನಿ: "ಮೂರಾಯಿತು, ಗ್ಯಾಸ್ ಆರಿಸಿ."

ಅವನು ಬಂದಾಗ ನಗರಪಾಲಿಕೆಯವರೇ ನೀರು ನಿಲ್ಲಿಸಿಯಾಗಿತ್ತು. ಪೈಪನ್ನು ಹಿಂದೆ ಮುಂದೆ ನೋಡಿ, "ಎಲ್ಲಿ ಅಕ್ಕಾ, ಸೋರುತ್ತಲೇ ಇಲ್ಲವಲ್ಲ!" ಎಂದು ನನ್ನನ್ನೇ ಅನುಮಾನದಿಂದ ನೋಡಿದ.

ಬಾರದವರು "ಬಂದೆ" ಎನ್ನುವ ಈ ಊರಿನಲ್ಲಿ ಹೋಗುವವರು "ಬರುತ್ತೇನೆ" ಎನ್ನುತ್ತಾರೆ. ಹೋಗುತ್ತೇನೆ ಎನ್ನುವುದು ಅಪಶಕುನ. ಹೊರಟವರನ್ನು ಎಲ್ಲಿಗೆ ಎಂದು ಕೇಳುವುದು ಅದಕ್ಕಿಂತ ದೊಡ್ಡ ಅಪಶಕುನ, "ದೂರ ಹೊರಟಿರಾ?" ಎನ್ನಬೇಕು. ನಮ್ಮ ಮನೆಯವರು ಬನಿಯನ್ನಿನಲ್ಲೇ ಮೂಲೆ ಅಂಗಡಿಯಿಂದ ಕರಿಬೇವು ತರಲು ಎದ್ದರೂ ಅತ್ತೆಯವರು "ದೂರ ಹೊರಟೆಯಾ?" ಎಂದು ಕಳಕಳಿಯಿಂದ ವಿಚಾರಿಸುತ್ತಾರೆ. ನಮ್ಮಲ್ಲಿ ಬಾಗಿಲು ಮುಚ್ಚುವುದಿಲ್ಲ, ಮುಂದೆ ಮಾಡುತ್ತೇವೆ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಅಕ್ಕಿ, ಕುಂಕುಮ ಯಾವುದೂ ಮುಗಿಯುವುದಿಲ್ಲ, ಅವೂ ಹೆಚ್ಚುತ್ತವೆ. ಕೇಳುವುದಕ್ಕೆ ಚೆಂದ. ಆದರೆ ಬೆಂಗಳೂರಿನಲ್ಲಿ ಬೆಳೆದ ನನ್ನ ತಂಗಿಯ ಮಗನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಗೌರಿ ಹಬ್ಬದ ಹಿಂದಿನ ಸಂಜೆ ಅಂಗಡಿಗೆ ಹೊರಟ ಅವನಿಗೆ ಅತ್ತೆಯವರು, "ಕುಂಕುಮ ಹೆಚ್ಚಿದೆ ನೋಡಪ್ಪ" ಎಂದರು. "ಹಾಗಾದರೆ ಬೇಡ ಬಿಡಿ ಅಜ್ಜಿ" ಎಂದು ಅವನು ಆಲೂಗಡ್ಡೆ ಚಿಪ್ಸ್ ತೆಗೆದುಕೊಂಡು ಬಂದ. ಮರುದಿನ ಪೂಜೆಗೆ ಕುಳಿತಾಗ ಭರಣಿಯಲ್ಲಿ ಚಿಟಿಕೆಯಷ್ಟೂ ಇರಲಿಲ್ಲ. ಅತ್ತೆಯವರು ಮಡಿಯಲ್ಲೇ ಪಕ್ಕದ ಮನೆಯ ಬಾಗಿಲಿಗೆ ಹೋಗಿ, "ನಮ್ಮಲ್ಲಿ ಕುಂಕುಮ ಹೆಚ್ಚಿದೆ, ಸ್ವಲ್ಪ ಕೊಡಿ" ಎಂದರು. ಅವರು ಒಂದು ಮಾತೂ ಕೇಳದೆ ಕೊಟ್ಟು ಕಳಿಸಿದರು. ಹುಡುಗ ಮಾತ್ರ ಚಿಪ್ಸ್ ಅಗಿಯುವುದನ್ನು ನಿಲ್ಲಿಸಿ ಇಬ್ಬರನ್ನೂ ನೋಡುತ್ತಿದ್ದ.

ಇದರ ಜೊತೆಗೆ ನಮ್ಮ ಜಿಲ್ಲೆಯ ಜಾತಕವೂ ಸೇರಿಕೊಂಡಿದೆ. ಚಿತ್ರದುರ್ಗ, ಶಿವಮೊಗ್ಗ, ಬಳ್ಳಾರಿ ಈ ಮೂರೂ ಜಿಲ್ಲೆಗಳಿಂದ ತಾಲ್ಲೂಕುಗಳನ್ನು ಕತ್ತರಿಸಿ ತಂದು 1997ರಲ್ಲಿ ಕೌದಿಯಂತೆ ಹೊಲಿದ ಜಿಲ್ಲೆ ಇದು. ನಾನು ಹೊನ್ನಾಳಿಯವಳು, ಎಂದರೆ ಶಿವಮೊಗ್ಗದ ತುಂಡು. ಮನೆಯವರು ಹರಪನಹಳ್ಳಿಯವರು, ಬಳ್ಳಾರಿಯ ತುಂಡು. ಆ ತಾಲ್ಲೂಕು ಆಮೇಲೆ ಬಳ್ಳಾರಿಗೇ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ನನ್ನ ಗಂಡನನ್ನು ಮಾತ್ರ ಯಾರೂ ವಾಪಸು ಕೇಳಲಿಲ್ಲ. ಅವರ ಕಡೆ ಮೈ ಸರಿಯಿಲ್ಲದಿದ್ದರೆ "ಆರಾಮಿಲ್ಲ" ಎನ್ನುತ್ತಾರೆ. ಒಮ್ಮೆ ಜ್ವರ ಬಂದಾಗ, ಮೈಸೂರಿನಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಮೇಲಧಿಕಾರಿಗೆ ಫೋನ್ ಮಾಡಿ "ಸಾರ್, ಆರಾಮಿಲ್ಲ" ಎಂದರು. "ನನಗೆ ಮಾತ್ರ ಎಲ್ಲಿದೆ ಆರಾಮ? ಮಾರ್ಚ್ ತಿಂಗಳು, ಬೇಗ ಬನ್ನಿ" ಎಂದು ಆ ಮನುಷ್ಯ ಫೋನ್ ಇಟ್ಟುಬಿಟ್ಟರು.

ಆದರೂ ಇವೆಲ್ಲಕ್ಕಿಂತ ನನ್ನನ್ನು ಕಂಗೆಡಿಸುವುದು "ಸುಮ್ಮನೆ ಬಂದೆ" ಎನ್ನುವ ನೆಂಟರು. ನೆಂಟರು ಸುಮ್ಮನೆ ಬಂದದ್ದನ್ನು ನಾನು ಇದುವರೆಗೆ ಕಂಡಿಲ್ಲ. ಕಳೆದ ತಿಂಗಳು ದೂರದ ಸಂಬಂಧದ ಮಾವನೊಬ್ಬರು ಬಂದರು. "ಈ ಕಡೆ ಬಂದಿದ್ದೆ, ಸುಮ್ಮನೆ ನೋಡಿಕೊಂಡು ಹೋಗೋಣ ಎಂದು ಬಂದೆ" ಎಂದರು. ತಿನ್ನಲು ಏನು ಕೊಡಲಿ ಎಂದರೆ, "ಏನೂ ಬೇಡಮ್ಮ, ಈಗಷ್ಟೇ ಆಯಿತು, ಹೊಟ್ಟೆಯಲ್ಲಿ ಜಾಗವಿಲ್ಲ." ಇರಲಿ ಎಂದು ಒಗ್ಗರಣೆ ಮಂಡಕ್ಕಿ ಕಲಸಿ, ಮೆಣಸಿನಕಾಯಿ ಬಜ್ಜಿ ಕರಿದುಕೊಟ್ಟೆ. ಜಾಗವಿಲ್ಲದ ಹೊಟ್ಟೆಗೆ ಎರಡನೇ ತಟ್ಟೆಯೂ ಇಳಿಯಿತು. ಕೊನೆಯ ಬಜ್ಜಿಯ ತೊಟ್ಟನ್ನು ತಟ್ಟೆಯ ಅಂಚಿಗಿಟ್ಟು "ಬರುತ್ತೇನೆ" ಎಂದು ಎದ್ದರು.

ನಮ್ಮಲ್ಲಿ ಬರುತ್ತೇನೆ ಎನ್ನುವುದು ಪ್ರಯಾಣದ ಪೀಠಿಕೆ ಅಷ್ಟೇ. ಸೋಫಾದ ಬಳಿ ಒಂದು ಸಲ ಹೇಳಿ ಮಳೆ ಬೆಳೆಯ ಮಾತಾಡಿದರು. ಹೊಸಿಲ ಬಳಿ ಇನ್ನೊಂದು ಸಲ ಹೇಳಿ ಮಗನ ಓದಿನ ವಿಚಾರ ತೆಗೆದರು. ಚಪ್ಪಲಿ ಮೆಟ್ಟಿದ ಮೇಲೆ ಅವರಿಗೆ ಮಂಡಿನೋವು ನೆನಪಾಯಿತು. ಕೊನೆಗೆ ಸ್ಕೂಟರ್ ಹತ್ತಿ, ಕೀಲಿ ತಿರುಗಿಸಿ, ಮತ್ತೆ ಹಿಂದಕ್ಕೆ ತಿರುಗಿಸಿ, "ಅಂದ ಹಾಗೆ..." ಎಂದರು. ಸಹಕಾರ ಸಂಘದಲ್ಲಿ ಸಣ್ಣದೊಂದು ಸಾಲ ಎತ್ತುತ್ತಿದ್ದಾರಂತೆ. ಜಾಮೀನಿಗೆ ಒಂದು ಸಹಿ ಬೇಕಂತೆ. ಕಾಗದವೂ ಸೀಟಿನ ಕೆಳಗೇ ಇತ್ತು.

ನಾನು ಬಾಯಿ ತೆರೆಯುವಷ್ಟರಲ್ಲಿ ಮನೆಯವರೇ, "ಅದಕ್ಕೇನಂತೆ ಮಾವ, ನೋಡೋಣ ಬಿಡಿ" ಎಂದರು. ಹರಪನಹಳ್ಳಿ ಬಿಟ್ಟುಹೋದ ಮೇಲೂ ಈ ಜಿಲ್ಲೆಯ ಎಲ್ಲ ತಾಲ್ಲೂಕುಗಳಲ್ಲಿ ಒಂದೇ ಅರ್ಥ ಕೊಡುವ ಮಾತು ಅದೊಂದೇ ಇರಬೇಕು. ಮಾವನವರು ಸೀಟನ್ನು ಎತ್ತಲಿಲ್ಲ, ಸ್ಕೂಟರ್ ಸ್ಟಾರ್ಟ್ ಮಾಡಿದರು.