ಪ್ರಬಂಧಕ್ಕೆ ಆಹ್ವಾನವಿದೆ, ಪ್ರಬಂಧಕಾರರಿಗೆ?

ಕಳೆದ ವಾರ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು ಇತಿಹಾಸ ಸಮ್ಮೇಳನಕ್ಕೆ ಕಳಿಸಬೇಕಾದ ಪ್ರಬಂಧಸಾರ ತಿದ್ದಿಕೊಡಿ ಎಂದು ಕಳಿಸಿದ್ದರು. ಒಂದು ಹಳೆಯ ಕಂದಾಯ ದಾಖಲೆಗಳ ಕುರಿತದ್ದು, ಇನ್ನೊಂದು ಬಂದರಿನ ಕೂಲಿಗಳ ಕುರಿತದ್ದು. ಎರಡರಲ್ಲೂ ಹುರುಳಿತ್ತು. ತಿದ್ದಿ ಮುಗಿಸಿದ ಮೇಲೆ ಇಬ್ಬರೂ ಬೇರೆ ಬೇರೆಯಾಗಿ ಕೇಳಿದ್ದು ಒಂದೇ ಪ್ರಶ್ನೆ: ‘ಮೇಡಂ, ಆಯ್ಕೆಯಾದರೆ ಹೋಗುವುದು ಹೇಗೆ?’

ಮುಂದಿನ ವರ್ಷದ ಇತಿಹಾಸ ಸಮ್ಮೇಳನಗಳ ಪ್ರಕಟಣೆಗಳು ಒಂದರ ಹಿಂದೊಂದು ಬರುತ್ತಿವೆ. ವಿಷಯ, ಉಪವಿಷಯ, ಪದಮಿತಿ, ಕೊನೆಯ ದಿನಾಂಕ ಎಲ್ಲವೂ ಅವುಗಳಲ್ಲಿ ಇರುತ್ತವೆ. ಪ್ರಯಾಣದ ಖರ್ಚು ಯಾರದು ಎಂಬ ಒಂದು ಸಾಲು ಮಾತ್ರ ಎಷ್ಟೋ ಬಾರಿ ಇರುವುದಿಲ್ಲ. ಇದ್ದರೂ ‘ಮಿತವಾದ ನೆರವು ಲಭ್ಯವಾಗಬಹುದು’ ಎಂದಷ್ಟೇ ಇರುತ್ತದೆ. ಆ ‘ಬಹುದು’ ಎಂಬ ಪದವನ್ನು ನಂಬಿ ಯಾರು ಟಿಕೆಟ್ ಕೊಳ್ಳುತ್ತಾರೆ?

ನನ್ನದೇ ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಹೊರದೇಶದ ಒಂದು ಸಮ್ಮೇಳನಕ್ಕೆ ನನ್ನ ಪ್ರಬಂಧ ಆಯ್ಕೆಯಾಗಿತ್ತು. ಪ್ರಯಾಣ ವೆಚ್ಚವನ್ನು ಕೊಡುತ್ತೇವೆ ಎಂದಿದ್ದರು, ಆದರೆ ಸಮ್ಮೇಳನ ಮುಗಿದ ಮೇಲೆ, ರಸೀದಿಗಳನ್ನು ಒಪ್ಪಿಸಿದ ನಂತರ. ಸಾಲ ಮಾಡಿ ಟಿಕೆಟ್ ಕೊಂಡೆ. ಆಯ್ಕೆಯ ಪತ್ರವೇ ತಡವಾಗಿ ಬಂದಿದ್ದರಿಂದ ವೀಸಾ ಅರ್ಜಿಯೂ ತಡವಾಯಿತು. ಗೋಷ್ಠಿ ಮುಗಿದ ನಾಲ್ಕನೆಯ ದಿನ ವೀಸಾ ಕೈಸೇರಿತು. ಹೋಗಲಿಲ್ಲವಾದ್ದರಿಂದ ರಸೀದಿಗೂ ಬೆಲೆ ಇರಲಿಲ್ಲ. ಹಣ ಹೋಗಿದ್ದಕ್ಕಿಂತ ಹೆಚ್ಚು ನೋವಾದದ್ದು, ಎರಡು ವರ್ಷ ಕೂಡಿಸಿದ್ದ ವಾದವನ್ನು ಪ್ರಶ್ನಿಸಬಲ್ಲವರ ಮುಂದೆ ಇಡಲಾಗಲಿಲ್ಲವಲ್ಲ ಎಂದು.

ಇತಿಹಾಸಕಾರರಿಗೆ ಸಮ್ಮೇಳನ ಅಲಂಕಾರವಲ್ಲ. ಪತ್ರಾಗಾರದಲ್ಲಿ ನಾವು ಒಬ್ಬೊಬ್ಬರೇ ಕೂತು ಓದುತ್ತೇವೆ. ಓದಿದ್ದು ಸರಿಯೇ ಎಂದು ಬೇರೆಯವರು ಕೆದಕಿ ನೋಡುವುದು ಗೋಷ್ಠಿಯಲ್ಲಿ. 1893ರ ಜುಲೈನಲ್ಲಿ ಷಿಕಾಗೋ ವಿಶ್ವಮೇಳದ ಹೊತ್ತಿನಲ್ಲಿ ಅಲ್ಲಿನ ಇತಿಹಾಸಕಾರರ ಸಂಘವಾದ ಅಮೆರಿಕನ್ ಹಿಸ್ಟಾರಿಕಲ್ ಅಸೋಸಿಯೇಷನ್ ಸಭೆ ಸೇರಿತ್ತು. ಅಲ್ಲಿ 31 ವರ್ಷದ ಇತಿಹಾಸಕಾರ ಫ್ರೆಡರಿಕ್ ಜಾಕ್ಸನ್ ಟರ್ನರ್, ಪಶ್ಚಿಮಕ್ಕೆ ಸರಿಯುತ್ತ ಹೋದ ಗಡಿನಾಡೇ ಅಮೆರಿಕವನ್ನು ರೂಪಿಸಿತು ಎಂದು ವಾದಿಸುವ ಒಂದು ಪ್ರಬಂಧ ಓದಿದರು. ಅಂದು ಕೇಳಿದವರು ಅದನ್ನು ವಿಶೇಷವಾಗಿ ಗಮನಿಸಲಿಲ್ಲ. ಮುಂದೆ ದಶಕಗಳ ಕಾಲ ಆ ದೇಶದ ಇತಿಹಾಸವನ್ನು ಬರೆದವರು ಟರ್ನರ್ ವಾದವನ್ನು ಒಪ್ಪಿಯೋ ಹರಿದುಹಾಕಿಯೋ ಬರೆಯಬೇಕಾಯಿತು. ಯಾವ ಪ್ರಬಂಧ ಎಲ್ಲಿಗೆ ಮುಟ್ಟುತ್ತದೆ ಎಂದು ಆಯ್ಕೆ ಸಮಿತಿಗೂ ತಿಳಿಯದು, ಓದುವವರಿಗೂ ತಿಳಿಯದು. ಆದ್ದರಿಂದಲೇ ಓದಲು ಬಿಡಬೇಕು.

ಒಳಗೆ ಯಾರು ಎಂಬ ಪ್ರಶ್ನೆ ಹೊಸದೇನೂ ಅಲ್ಲ. ವೃತ್ತಿಯ ಗಂಡಸರ ಅನೌಪಚಾರಿಕ ಕೂಟಗಳಿಂದ ಹೊರಗುಳಿದ ಅಮೆರಿಕದ ಇತಿಹಾಸ ಅಧ್ಯಾಪಕಿಯರು 1930ರಲ್ಲಿ ತಮ್ಮದೇ ಕೂಟ ಕಟ್ಟಿಕೊಂಡರು. ಅದೇ ಬರ್ಕ್‌ಷೈರ್ ಸಮ್ಮೇಳನ. 1973ರಿಂದ ಅವರು ಮಹಿಳಾ ಇತಿಹಾಸಕ್ಕೆಂದೇ ದೊಡ್ಡ ಸಮ್ಮೇಳನಗಳನ್ನು ನಡೆಸತೊಡಗಿದರು. ಇನ್ನು ಐದು ವರ್ಷಕ್ಕೊಮ್ಮೆ ಸೇರುವ ಅಂತಾರಾಷ್ಟ್ರೀಯ ಇತಿಹಾಸ ಸಮ್ಮೇಳನವನ್ನು ನೋಡಿ. 1900ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಆ ಪರಂಪರೆ ಏಷ್ಯಾಕ್ಕೆ ಬಂದದ್ದು 2015ರಲ್ಲಿ, ಚೀನಾದ ಜಿನಾನ್‌ಗೆ. ನೂರಾ ಹದಿನೈದು ವರ್ಷ! ಅದರ ನಂತರದ್ದು 2020ರಲ್ಲಿ ಪೋಲೆಂಡಿನ ಪೋಜ್ನಾನ್‌ನಲ್ಲಿ ನಡೆಯಬೇಕಿತ್ತು, ಕೋವಿಡ್‌ನಿಂದಾಗಿ 2022ಕ್ಕೆ ಹೋಯಿತು. ಅಲ್ಲಿಯವರೆಗೂ ಆಫ್ರಿಕಾದ ನೆಲದಲ್ಲಿ ಒಂದೂ ನಡೆದಿರಲಿಲ್ಲ. ಜಗತ್ತಿನ ಇತಿಹಾಸವನ್ನು ಕುರಿತು ಮಾತಾಡುವ ಸಭೆ ಇದು.

ಕೋವಿಡ್ ಕಾಲದಲ್ಲಿ ಒಂದು ಒಳ್ಳೆಯದಾಗಿತ್ತು. ಗೋಷ್ಠಿಗಳು ಪರದೆಗೆ ಬಂದವು. ಪುಟ್ಟ ಮಕ್ಕಳಿರುವವರು, ದೂರದ ಕಾಲೇಜಿನ ತಾತ್ಕಾಲಿಕ ಅಧ್ಯಾಪಕರು, ಹುದ್ದೆಯೇ ಇಲ್ಲದ ಸ್ವತಂತ್ರ ಸಂಶೋಧಕರು ಎಲ್ಲರೂ ಕೇಳಿದರು, ಮಾತಾಡಿದರು. ಅನೇಕ ಕಡೆ ಈಗ ಅದನ್ನು ಸದ್ದಿಲ್ಲದೆ ಕೈಬಿಟ್ಟಿದ್ದಾರೆ. ಚಹಾ ವಿರಾಮದಲ್ಲಿ ಹುಟ್ಟುವ ಪರಿಚಯ ಪರದೆಯಲ್ಲಿ ಹುಟ್ಟುವುದಿಲ್ಲ, ನಿಜ. ಆದರೆ ಬರಲಾಗದವರಿಗೆ ವಿರಾಮವೂ ಇಲ್ಲ, ಗೋಷ್ಠಿಯೂ ಇಲ್ಲ. ಇದನ್ನು ನಾನು ಒಪ್ಪಲಾರೆ.

ಹೊಸಬರಿಗೆ ಎರಡು ಮಾತು. ದೊಡ್ಡ ಸಮ್ಮೇಳನಗಳ ಗಡುವು ನಾವು ಊಹಿಸುವುದಕ್ಕಿಂತ ಬಹಳ ಮುಂಚೆ ಮುಗಿಯುತ್ತದೆ. ಜುಲೈನಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಡೆಯುವ ಮಧ್ಯಯುಗ ಅಧ್ಯಯನದ ಸಮ್ಮೇಳನಕ್ಕೆ ಹಿಂದಿನ ವರ್ಷದ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೇ ಕಳಿಸಬೇಕು. ಎರಡನೆಯದು, ಎಲ್ಲ ವಿಷಯಗಳನ್ನೂ ಒಂದೇ ಸೂರಿನಡಿ ಸೇರಿಸಿ, ಎರಡೇ ದಿನದಲ್ಲಿ ‘ಆಯ್ಕೆಯಾಗಿದೆ, ಶುಲ್ಕ ಕಟ್ಟಿ’ ಎನ್ನುವ ಕಡೆ ಹೋಗಬೇಡಿ. ನಿಮ್ಮ ಬರಹವನ್ನು ಅಲ್ಲಿ ಯಾರೂ ಓದಿರುವುದಿಲ್ಲ.

ಹೆಸರಿನ ಹಿಂದೆ ಹೋಗುವುದಕ್ಕಿಂತ ಹದಿನೈದು ಜನ ಪರಸ್ಪರರ ಪ್ರಬಂಧವನ್ನು ಮೊದಲೇ ಓದಿ ಬರುವ ಸಣ್ಣ ಕಮ್ಮಟ ಹುಡುಕಿಕೊಳ್ಳಿ ಎಂದು ನಾನು ಹೇಳುತ್ತಲೇ ಬಂದಿದ್ದೇನೆ. ಸಮ್ಮೇಳನವಲ್ಲದೆ ಬೇರೆ ದಾರಿಗಳೂ ಇವೆ: ಷಿಕಾಗೋದ ನ್ಯೂಬೆರಿ ಗ್ರಂಥಾಲಯ, ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಗ್ರಂಥಾಲಯದಂಥವು ತಮ್ಮಲ್ಲಿ ಕೂತು ಸಂಶೋಧನೆ ಮಾಡಲು ಅಲ್ಪಾವಧಿಯ ಫೆಲೋಶಿಪ್ ಕೊಡುತ್ತವೆ. ನನಗೆ ಇವೆಲ್ಲಕ್ಕಿಂತ ಪ್ರಿಯವಾದದ್ದು ಬ್ರಿಟಿಷ್ ಲೈಬ್ರರಿಯಲ್ಲಿ 2004ರಲ್ಲಿ ಶುರುವಾದ ಅಪಾಯದಂಚಿನ ದಾಖಲೆಗಳ ಯೋಜನೆ. ಹುಳ ತಿನ್ನುತ್ತಿರುವ, ತೇವದಲ್ಲಿ ಕೊಳೆಯುತ್ತಿರುವ ಕಾಗದಗಳನ್ನು ಡಿಜಿಟಲ್ ರೂಪಕ್ಕೆ ತರಲು ಅದು ಅನುದಾನ ಕೊಡುತ್ತದೆ. ಮೂಲ ಪ್ರತಿಗಳು ಹುಟ್ಟಿದ ದೇಶದಲ್ಲೇ ಉಳಿಯುತ್ತವೆ. ದಾಖಲೆಯ ಬಳಿ ಇರುವವರೇ ಆ ಕೆಲಸವನ್ನು ಮಾಡಬಲ್ಲರು.

ಸಂಘಟಕರಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಎಷ್ಟು ಜನರಿಗೆ, ಎಷ್ಟು ನೆರವು ಎಂದು ಮೊದಲ ಪ್ರಕಟಣೆಯಲ್ಲೇ ಬರೆಯಿರಿ. ಸಂಬಳವಿಲ್ಲದವರಿಗೆ ಟಿಕೆಟ್ ಅನ್ನು ನೀವೇ ಕೊಂಡು ಕಳಿಸಿ. ವೀಸಾಕ್ಕೆ ಸಮಯ ಸಿಗುವಂತೆ ಆಯ್ಕೆಯನ್ನು ಆರು ತಿಂಗಳು ಮೊದಲೇ ತಿಳಿಸಿ.

ಬಂದರಿನ ಕೂಲಿಗಳ ಪ್ರಬಂಧಸಾರ ನಿನ್ನೆ ರಾತ್ರಿ ಹೋಗಿದೆ. ಅದರ ಜೊತೆಗೆ ಇದೇ ಮೂರು ಮಾತುಗಳನ್ನು ಬರೆದ ನನ್ನ ಪತ್ರವೂ ಹೋಗಿದೆ. ಕಂದಾಯ ದಾಖಲೆಗಳದ್ದಕ್ಕೆ ಇನ್ನೂ ಒಂಬತ್ತು ದಿನ ಸಮಯವಿದೆ.