ಸತ್ತ ಸೆಕ್ಷನ್ನಿನ ಡ್ಯೂಟಿ

ಆನ್‌ಲೈನಿನಲ್ಲಿ 'ತೀವ್ರ ಆಕ್ಷೇಪಾರ್ಹ' ಸಂದೇಶ ಕಳಿಸಿದವರನ್ನು ಜೈಲಿಗಟ್ಟಲೆಂದು ಇದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ನಿನ ಕರ್ತವ್ಯನಿಷ್ಠೆ ಯಾವ ಸರ್ಕಾರಿ ನೌಕರನಲ್ಲೂ ಕಾಣಸಿಗದು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಅದನ್ನು ಅಸಾಂವಿಧಾನಿಕ ಎಂದು ರದ್ದು ಮಾಡಿತು. ಅದು ಡ್ಯೂಟಿ ಬಿಡಲಿಲ್ಲ. 2021ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಲೆಕ್ಕ ಹಿಡಿದು ಅದೇ ಕೋರ್ಟಿಗೆ ಬಂದಾಗ 11 ರಾಜ್ಯಗಳಲ್ಲಿ 745 ಕೇಸುಗಳು ಉಸಿರಾಡುತ್ತಿದ್ದವು. ತೀರ್ಪು ಬರೆದಿದ್ದ ನ್ಯಾಯಮೂರ್ತಿ ನಾರಿಮನ್ ಅವರೇ ಅಂದು ಪೀಠದಲ್ಲಿದ್ದರು. ಅವರಿಗೆ ಆಘಾತವಾಯಿತು. ಠಾಣೆಗಳಿಗೆ ಏನೂ ಆಗಲಿಲ್ಲ.

ಅಟಾರ್ನಿ ಜನರಲ್ ಕೊಟ್ಟ ವಿವರಣೆಗಂತೂ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕು. ಕಾಯ್ದೆ ಪುಸ್ತಕದಲ್ಲಿ ಸೆಕ್ಷನ್ ಇದ್ದ ಹಾಗೇ ಇದೆ, ರದ್ದಾದ ಸಂಗತಿ ಇರುವುದು ಅಡಿಟಿಪ್ಪಣಿಯಲ್ಲಿ! ಯಾರದೋ ಪೋಸ್ಟಿನ ಕೆಳಗೆ, ಕಾಮೆಂಟಿಗೆ ಬಂದ ಉತ್ತರದ ಉತ್ತರದಲ್ಲಿ ಅಡಗಿದ ಅವಹೇಳನವನ್ನು ಹೆಕ್ಕಿ ತೆಗೆಯುವ ಕಣ್ಣಿಗೆ ಕಾಯ್ದೆ ಪುಸ್ತಕದ ಪುಟದ ತಳ ಕಾಣದು.

ತಿಳಿಸಿರಲಿಲ್ಲ ಎನ್ನುವ ಹಾಗೂ ಇಲ್ಲ. 2019ರ ಫೆಬ್ರವರಿಯಲ್ಲೇ ಆದೇಶವಾಗಿತ್ತು: ತೀರ್ಪಿನ ಪ್ರತಿ ಹೈಕೋರ್ಟುಗಳಿಂದ ಜಿಲ್ಲಾ ನ್ಯಾಯಾಲಯಗಳಿಗೆ, ಮುಖ್ಯ ಕಾರ್ಯದರ್ಶಿಗಳಿಂದ ಪೊಲೀಸ್ ಮಹಾನಿರ್ದೇಶಕರಿಗೆ, ಎಂಟು ವಾರದೊಳಗೆ. ಸತ್ತು ನಾಲ್ಕು ವರ್ಷದ ಮೇಲೆ ಸಾವಿನ ಸುದ್ದಿ ಟಪಾಲಿಗೆ ಬಿತ್ತು. ಸಾಲದೆಂದು 2022ರ ಅಕ್ಟೋಬರಿನಲ್ಲಿ ಮತ್ತೊಂದು ಆದೇಶ: ಇದರಡಿ ಯಾರನ್ನೂ ವಿಚಾರಣೆಗೆ ಗುರಿಪಡಿಸಕೂಡದು. ದೇವರು ಕೊಟ್ಟರೂ ಪೂಜಾರಿ ಕೊಡ.

ಈ ಸೆಕ್ಷನ್ನಿನ ವಂಶಾವಳಿ ಇನ್ನೂ ಸೊಗಸು. ಅದರಲ್ಲಿನ 'ತೀವ್ರ ಆಕ್ಷೇಪಾರ್ಹ' ಎಂಬ ಪದಗುಚ್ಛ 1935ರ ಬ್ರಿಟನ್ನಿನ ಅಂಚೆ ಕಾಯ್ದೆಯದು. ಟೆಲಿಫೋನ್ ಎಕ್ಸ್‌ಚೇಂಜಿನ ಹೆಣ್ಣುಮಕ್ಕಳಿಗೆ ಫೋನಿನಲ್ಲಿ ಬೈಯುತ್ತಿದ್ದ ಪುಂಡರಿಗಾಗಿ ಮಾಡಿದ್ದು. ಅದನ್ನು 2008ರ ಡಿಸೆಂಬರಿನಲ್ಲಿ, ಲೋಕಸಭೆಯ ಗದ್ದಲದ ನಡುವೆ ಚರ್ಚೆಯೇ ಇಲ್ಲದೆ, ಇಂಟರ್ನೆಟ್ಟಿಗೆ ತೊಡಿಸಿದರು. ಜೊತೆಗೆ ಒಂದಷ್ಟು ಸ್ವದೇಶಿ ಕುಸುರಿ: ಕಿರಿಕಿರಿ ಅಥವಾ ಅನನುಕೂಲ ಉಂಟುಮಾಡಲೆಂದು ಕಳಿಸಿದ ಇಮೇಲಿಗೂ ಮೂರು ವರ್ಷದವರೆಗೆ ಜೈಲು. 'ಸಾಲ ಬೇಕೇ' ಎಂದು ಹಗಲಿರುಳೂ ಕಾಡುವವರು ಇದರಲ್ಲಿ ಸಿಕ್ಕಿಬಿದ್ದ ಸುದ್ದಿ ಮಾತ್ರ ಇಲ್ಲ. ಅಂದಹಾಗೆ, 1870ರಲ್ಲಿ ನಮ್ಮ ದಂಡಸಂಹಿತೆಗೆ ರಾಜದ್ರೋಹ ಸೇರಿಸಿದ ಬ್ರಿಟಿಷರು ತಮ್ಮ ದೇಶದಲ್ಲಿ ಆ ಅಪರಾಧವನ್ನು ರದ್ದುಮಾಡಲು 2009ರಲ್ಲಿ ಕಾನೂನು ತಂದರು. ನಾವು ಕೊಟ್ಟವರಿಗಿಂತ ಜೋಪಾನವಾಗಿ ಇಟ್ಟುಕೊಂಡವರು.

ನಮ್ಮಲ್ಲಿ ಸತ್ತ ಕಾನೂನು ನಡೆದಾಡಿದರೆ, ಆಫ್ರಿಕಾದ ಎರಿಟ್ರಿಯಾದ ಕಥೆ ತಿರುವುಮುರುವು. 1997ರಲ್ಲಿ ಅಂಗೀಕಾರವಾದ ಅಲ್ಲಿನ ಸಂವಿಧಾನದಲ್ಲಿ ಪತ್ರಿಕಾ ಸ್ವಾತಂತ್ರ್ಯವಿದೆ. ಸಂವಿಧಾನವೇ ಜಾರಿಗೆ ಬರಲಿಲ್ಲ. 2001ರ ಸೆಪ್ಟೆಂಬರಿನಲ್ಲಿ ಖಾಸಗಿ ಪತ್ರಿಕೆಗಳನ್ನೆಲ್ಲ ಮುಚ್ಚಿ, ಪತ್ರಕರ್ತರನ್ನು ವಿಚಾರಣೆಯಿಲ್ಲದೆ ಒಳಗೆ ಹಾಕಿದರು. ಅಲ್ಲಿ ಅಡಿಟಿಪ್ಪಣಿಯ ಖರ್ಚೂ ಉಳಿಯಿತು.

ತಮಾಷೆ ಸಾಕು. ಪೊಲೀಸರಿಗೆ ಗೊತ್ತಿರಲಿಲ್ಲ ಎಂಬುದನ್ನು ನಂಬಲು ಯಾರೂ ಮಕ್ಕಳಲ್ಲ. 66ಎ ಸಂಜ್ಞೇಯ ಅಪರಾಧ, ಬಂಧಿಸಲು ವಾರಂಟು ಬೇಡ. ಜಾಮೀನು ಸಿಗುತ್ತದೆ ನಿಜ, ಆದರೆ ಅಷ್ಟರಲ್ಲಿ ಫೋನು ಜಪ್ತಿಯಾಗಿ ಪ್ರಯೋಗಾಲಯ ಸೇರಿರುತ್ತದೆ. ಎಫ್‌ಐಆರ್ ರದ್ದಾಗಬೇಕೆಂದರೆ ವಕೀಲರನ್ನು ಹಿಡಿದು ಹೈಕೋರ್ಟಿಗೆ ಹೋಗಬೇಕು. ಗೆದ್ದರೂ ಅಲೆದದ್ದು ಅಲೆದದ್ದೇ. ಶಿಕ್ಷೆ ಆಗಬೇಕೆಂದು ಇಲ್ಲಿ ಯಾರೂ ಕೇಸು ಹಾಕುವುದಿಲ್ಲ; ಹಾಕಿದ್ದೇ ಶಿಕ್ಷೆ. ತೀರ್ಪು ಮೀರಿದವರನ್ನು ಜೈಲಿಗೆ ಕಳಿಸುತ್ತೇವೆ ಎಂದು 2019ರ ಜನವರಿಯಲ್ಲಿ ಪೀಠ ಗುಡುಗಿತ್ತು. ಗುಡುಗಿದಷ್ಟು ಮಳೆಯಾಗಲಿಲ್ಲ.

2022ರ ಆದೇಶದಲ್ಲೂ ಒಂದು ಸಂದು ಇದೆ: ಬೇರೆ ಸೆಕ್ಷನ್‌ಗಳೂ ಇದ್ದರೆ 66ಎ ಒಂದನ್ನೇ ತೆಗೆಯಿರಿ, ಉಳಿದದ್ದು ನಡೆಯಲಿ. ಅನುಭವಸ್ಥ ಠಾಣಾಧಿಕಾರಿ ಒಂದೇ ಸೆಕ್ಷನ್ನಿಗೆ ಎಫ್‌ಐಆರ್ ಬರೆಯುವುದುಂಟೇ? ಪಕ್ಕದಲ್ಲಿ ದಂಡಸಂಹಿತೆಯ 153ಎ (ಗುಂಪುಗಳ ನಡುವೆ ದ್ವೇಷ ಬಿತ್ತುವುದು), 295ಎ (ಧಾರ್ಮಿಕ ಭಾವನೆ ಕೆರಳಿಸುವುದು), 505 (ವದಂತಿ ಹಬ್ಬಿಸುವುದು) ಕೂತಿರುತ್ತಿದ್ದವು. ಅವೇ ಈಗ, ದಂಡಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 196, 299, 353. ಒಂದು ಸೆಕ್ಷನ್ ಸತ್ತದ್ದು ಏಳು ವರ್ಷವಾದರೂ ತಿಳಿಯದ ಇಲಾಖೆಗೆ ಈ ಹೊಸ ಸಂಖ್ಯೆಗಳು 2024ರ ಜುಲೈ 1ರ ಮಧ್ಯರಾತ್ರಿ ಕಳೆಯುತ್ತಲೇ ಬಾಯಿಪಾಠವಾಗಿದ್ದವು.