ಮರೆವಿನ ಕಾಯಿಲೆ, ಬಿಳಿರಕ್ತಕಣ ಮತ್ತು ಇಮ್ಯುನಿಟಿಯ ವ್ಯಾಪಾರ

ಡಿಮೆನ್ಷಿಯಾ (ಮರೆವಿನ ಕಾಯಿಲೆ; ಅಲ್ಝೈಮರ್ಸ್ ಅದರ ಅತಿ ಸಾಮಾನ್ಯ ಬಗೆ) ಇರುವವರ ರಕ್ತದಲ್ಲಿ ರೋಗನಿರೋಧಕ ವ್ಯವಸ್ಥೆಯ ಬದಲಾವಣೆಗಳು ಕಾಣುತ್ತವೆ ಎಂಬ ಸುದ್ದಿ ನಮ್ಮ ವಾಟ್ಸಾಪ್ ಗುಂಪುಗಳನ್ನು ತಲುಪುವಷ್ಟರಲ್ಲಿ ‘ಇಮ್ಯುನಿಟಿ ಕಡಿಮೆಯಾದರೆ ಮರೆವು ಬರುತ್ತದೆ, ಈ ಕಷಾಯ ಕುಡಿಯಿರಿ’ ಎಂದಾಗಿರುತ್ತದೆ. ಕಷಾಯದ ಮೇಲೆ ನನಗೆ ದ್ವೇಷವೇನಿಲ್ಲ, ನೆಗಡಿಯಾದಾಗ ನಾನೂ ಕುಡಿಯುತ್ತೇನೆ. ಆದರೆ ಸಂಶೋಧನೆಗಳು ಹೇಳುತ್ತಿರುವುದು ಬೇರೆಯೇ ಮಾತು. ಈ ಕಾಯಿಲೆಯಲ್ಲಿ ರೋಗನಿರೋಧಕ ವ್ಯವಸ್ಥೆಯ ಒಂದು ಭಾಗ ಸೊರಗಿದ್ದರೂ ಇನ್ನೊಂದು ಭಾಗ ಬೇಡದ ಹೊತ್ತಿನಲ್ಲಿ ಕೆರಳಿ ನಿಂತಿರುತ್ತದೆ. ಹಾಗೆ ಕೆರಳಿರುವುದನ್ನು ಇನ್ನಷ್ಟು ‘ಹೆಚ್ಚಿಸುತ್ತೇವೆ’ ಎಂದು ಡಬ್ಬಿ ಮಾರುವವರ ಮಾತಿಗೆ ವಿಜ್ಞಾನದ ಆಧಾರವಿಲ್ಲ.

1906ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಅಲೋಯಿಸ್ ಅಲ್ಝೈಮರ್ ಒಬ್ಬ ಮಹಿಳೆಯ ಮಿದುಳಿನಲ್ಲಿ ಕಂಡ ವಿಚಿತ್ರ ಶೇಖರಣೆಗಳನ್ನೂ ಸಿಕ್ಕುಗಟ್ಟಿದ ನಾರುಗಳನ್ನೂ ವಿವರಿಸಿದ ಮೇಲೆ, ಸುಮಾರು ನೂರು ವರ್ಷ ಎಲ್ಲರ ಕಣ್ಣು ಮಿದುಳಿನ ಮೇಲೆಯೇ ನೆಟ್ಟಿತ್ತು. ರಕ್ತದಲ್ಲಿ ಓಡಾಡುವ ಕಾವಲು ಕೋಶಗಳಾದ ಬಿಳಿರಕ್ತಕಣಗಳಿಗೆ ಮಿದುಳಿನೊಳಗೆ ಪ್ರವೇಶವಿಲ್ಲ ಎಂದೇ ಪಠ್ಯಪುಸ್ತಕಗಳು ಬಹುಮಟ್ಟಿಗೆ ಕಲಿಸುತ್ತಿದ್ದವು. 2015ರಲ್ಲಿ ಇಲಿಗಳ ಮಿದುಳಿನ ಹೊದಿಕೆಯಲ್ಲಿ ಇಂಥ ಕೋಶಗಳನ್ನು ಸಾಗಿಸುವ ದುಗ್ಧರಸ ನಾಳಗಳು ಇರುವುದನ್ನು ಎರಡು ತಂಡಗಳು ಬೇರೆಬೇರೆಯಾಗಿ ತೋರಿಸಿದಾಗ ಆ ನಂಬಿಕೆ ಇನ್ನಷ್ಟು ಸಡಿಲವಾಯಿತು.

ರಕ್ತದಲ್ಲಿ ಕಂಡಿದ್ದೇನು? ಅಲ್ಝೈಮರ್ಸ್ ಇರುವವರನ್ನು ಅದೇ ವಯಸ್ಸಿನ ಆರೋಗ್ಯವಂತರೊಂದಿಗೆ ಹೋಲಿಸಿದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ, ಉರಿಯೂತದ ಸಂದೇಶ ಹೊರುವ ಇಂಟರ್‌ಲ್ಯೂಕಿನ್-6, ಟಿಎನ್‌ಎಫ್‌-ಆಲ್ಫಾ ಮುಂತಾದ ಪ್ರೋಟೀನುಗಳ ಸರಾಸರಿ ಮಟ್ಟ ಹೆಚ್ಚಿರುವುದು ಕಂಡುಬಂತು. ನಮಗೆಲ್ಲ ಪರಿಚಯವಿರುವ ಸಾಮಾನ್ಯ ರಕ್ತಪರೀಕ್ಷೆಯಲ್ಲಿಯೂ ಬಿಳಿರಕ್ತಕಣಗಳ ಎರಡು ಬಗೆಗಳಲ್ಲಿ, ಲಿಂಫೋಸೈಟುಗಳಿಗೆ ಹೋಲಿಸಿದರೆ ನ್ಯೂಟ್ರೋಫಿಲ್‌ಗಳ ಪಾಲು ಸರಾಸರಿಯಲ್ಲಿ ತುಸು ಮೇಲಿರುವುದನ್ನು ಹಲವರು ವರದಿ ಮಾಡಿದ್ದಾರೆ. 2020ರ ಜನವರಿಯಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಕುತೂಹಲಕರವಾಗಿದೆ. ಹಿಂದೆ ಯಾವುದೋ ವೈರಿಯನ್ನು ಎದುರಿಸಿ ಅನುಭವ ಪಡೆದ, ಕೊಲ್ಲಲು ಸಿದ್ಧವಾಗಿರುವ ಒಂದು ಬಗೆಯ ಟಿ ಕೋಶಗಳು (ಇವೂ ಬಿಳಿರಕ್ತಕಣಗಳೇ) ರೋಗಿಗಳ ರಕ್ತದಲ್ಲಿ ಹೆಚ್ಚಾಗಿದ್ದವು. ಅವು ಹೆಚ್ಚಿದಷ್ಟೂ ನೆನಪು ಮತ್ತು ಗ್ರಹಿಕೆಯ ಪರೀಕ್ಷೆಗಳ ಅಂಕ ಇಳಿಮುಖವಾಗಿತ್ತು. ಮಿದುಳು-ಬೆನ್ನುಹುರಿಯ ದ್ರವದಲ್ಲಿ ಒಂದೇ ಕೋಶದಿಂದ ಹುಟ್ಟಿ ಸಂಖ್ಯೆ ಬೆಳೆಸಿಕೊಂಡ ಟಿ ಕೋಶಗಳೂ ಸಿಕ್ಕವು. ಅವುಗಳಲ್ಲಿ ಕೆಲವು ಎಪ್‌ಸ್ಟೈನ್-ಬಾರ್ ಎಂಬ, ಜಗತ್ತಿನ ಬಹುತೇಕ ಜನರ ಮೈಯಲ್ಲಿ ಸುಮ್ಮನೆ ಅಡಗಿರುವ ವೈರಸ್ಸಿನ ತುಣುಕನ್ನು ಗುರುತಿಸುತ್ತಿದ್ದವು. ಇದರಿಂದ ಆ ವೈರಸ್ಸೇ ಅಲ್ಝೈಮರ್ಸ್ ತರುತ್ತದೆ ಎಂದು ಸಾಬೀತಾಗುವುದಿಲ್ಲ, ಆ ಸಂಶೋಧಕರೂ ಹಾಗೆ ಹೇಳಿಕೊಂಡಿಲ್ಲ.

ಇಲ್ಲಿ ಯಾರಿಗಾದರೂ ಬರಬೇಕಾದ ಸಂಶಯವೊಂದಿದೆ. ಡಿಮೆನ್ಷಿಯಾ ಇರುವವರು ಸರಿಯಾಗಿ ಉಣ್ಣುವುದಿಲ್ಲ, ಬೀಳುತ್ತಾರೆ, ಹಾಸಿಗೆ ಹಿಡಿದರೆ ಬೆನ್ನು ಹುಣ್ಣಾಗುತ್ತದೆ. ಹಾಗಿದ್ದ ಮೇಲೆ ರಕ್ತದಲ್ಲಿ ಉರಿಯೂತದ ಗುರುತು ಕಾಣುವುದು ಕಾಯಿಲೆಯ ಫಲವೇ ಹೊರತು ಕಾರಣವಲ್ಲ ಎಂದೇಕೆ ಹೇಳಬಾರದು? ಒಂದಷ್ಟು ಪಾಲು ಖಂಡಿತ ಹಾಗೆಯೇ ಇರಬೇಕು. ಆದರೆ ಪೂರ್ತಿ ಹಾಗಲ್ಲ ಎನ್ನಲು ಎರಡು ಬಲವಾದ ಸುಳಿವುಗಳಿವೆ. ಹವಾಯಿಯಲ್ಲಿ ನೆಲೆಸಿದ ಜಪಾನಿ ಮೂಲದ ಗಂಡಸರಿಂದ ನಡುವಯಸ್ಸಿನಲ್ಲಿಯೇ ರಕ್ತ ಸಂಗ್ರಹಿಸಿ, ಇಪ್ಪತ್ತೈದು ವರ್ಷಗಳ ಬಳಿಕ ಅವರಲ್ಲಿ ಯಾರಿಗೆ ಡಿಮೆನ್ಷಿಯಾ ಬಂದಿದೆ ಎಂದು ನೋಡಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಸಿಆರ್‌ಪಿ ಎಂಬ ಪ್ರೋಟೀನಿನ ಮಟ್ಟ ಅತಿ ಕಡಿಮೆಯಿದ್ದ ಕಾಲು ಭಾಗದವರಿಗೆ ಹೋಲಿಸಿದರೆ ಉಳಿದವರಲ್ಲಿ ಅಪಾಯ ಸುಮಾರು ಮೂರು ಪಟ್ಟು ಇತ್ತು. ಎರಡನೆಯದು 2013ರಲ್ಲಿ ಬೆಳಕಿಗೆ ಬಂದ ಟ್ರೆಮ್-2 ಎಂಬ ವಂಶವಾಹಿಯ ಅಪರೂಪದ ರೂಪ. ಅದು ಅಲ್ಝೈಮರ್ಸ್‌ನ ಅಪಾಯವನ್ನು ಹೆಚ್ಚುಕಡಿಮೆ ಅಷ್ಟೇ ಪಟ್ಟು ಏರಿಸುತ್ತದೆ, ಮತ್ತು ಮಿದುಳಿನಲ್ಲಿ ಆ ವಂಶವಾಹಿ ಕೆಲಸ ಮಾಡುವುದು ನರಕೋಶಗಳಲ್ಲಿ ಅಲ್ಲ, ಅಲ್ಲಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾಗಳಲ್ಲಿ. ಹುಟ್ಟಿನಿಂದಲೇ ಬರುವ ವಂಶವಾಹಿಯನ್ನು ಎಪ್ಪತ್ತರ ಹರೆಯದ ಕಾಯಿಲೆಯ ಫಲವೆನ್ನಲು ಸಾಧ್ಯವಿಲ್ಲ.

ಹಾಗಾದರೆ ಉರಿಯೂತ ತಗ್ಗಿಸುವ ಮಾತ್ರೆ ನುಂಗಿದರೆ ಆಯಿತಲ್ಲ ಎಂದು ಕೇಳಬಹುದು. ಅದನ್ನೂ ನೋಡಿಯಾಗಿದೆ. ನ್ಯಾಪ್ರೋಕ್ಸೆನ್ ಮತ್ತು ಸೆಲೆಕಾಕ್ಸಿಬ್ ಎಂಬ ನೋವುನಿವಾರಕಗಳನ್ನು ಕೊಟ್ಟು ಅಮೆರಿಕದಲ್ಲಿ ನಡೆಸಿದ ದೊಡ್ಡ ಪ್ರಯೋಗವನ್ನು ಹೃದಯದ ಸುರಕ್ಷತೆಯ ಆತಂಕದಿಂದ 2004ರಲ್ಲಿ ನಿಲ್ಲಿಸಲಾಯಿತು, ಮರೆವನ್ನು ತಡೆದ ಪುರಾವೆಯೂ ಸಿಗಲಿಲ್ಲ. ಏರಿಸುವುದೂ ಸಾರಾಸಗಟಾಗಿ ಇಳಿಸುವುದೂ ಎರಡೂ ಕೆಲಸಕ್ಕೆ ಬಾರದಷ್ಟು ಸೂಕ್ಷ್ಮವಾದ ವ್ಯವಸ್ಥೆ ಇದು.

ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದಲ್ಲಿ ನಮ್ಮ ಮನೆಗಳಿಗೆ ಅತಿ ಹತ್ತಿರವಾದದ್ದು ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಕ್ಲೈವ್ ಹೋಮ್ಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ. ಅಲ್ಝೈಮರ್ಸ್ ಇದ್ದ 300 ಜನರನ್ನು ಆರು ತಿಂಗಳು ಗಮನಿಸಿದಾಗ, ಸೋಂಕು ಅಥವಾ ಪೆಟ್ಟಿಗೆ ಒಳಗಾದವರ ಗ್ರಹಿಕೆಯ ಶಕ್ತಿ ಉಳಿದವರದ್ದಕ್ಕಿಂತ ಎರಡು ಪಟ್ಟು ವೇಗವಾಗಿ ಕುಸಿದಿತ್ತು. ಆರಂಭದಲ್ಲಿಯೇ ರಕ್ತದಲ್ಲಿ ಟಿಎನ್‌ಎಫ್‌-ಆಲ್ಫಾ ಹೆಚ್ಚಿದ್ದವರಲ್ಲಿ ಕುಸಿತ ನಾಲ್ಕು ಪಟ್ಟು ಇತ್ತು. ಕಾಯಿಲೆ ಹಿಡಿದ ಮಿದುಳಿನ ಮೈಕ್ರೋಗ್ಲಿಯಾಗಳು ಬೂದಿ ಮುಚ್ಚಿದ ಕೆಂಡದಂತೆ ಇರುತ್ತವೆ. ದೇಹದ ಬೇರೆ ಮೂಲೆಯಲ್ಲಿ ಹುಟ್ಟಿದ ಉರಿಯೂತದ ಸಂದೇಶ ರಕ್ತನಾಳಗಳ ಒಳಪದರದ ಮೂಲಕವೋ ಒಳ ಅಂಗಗಳನ್ನು ಮಿದುಳಿಗೆ ಜೋಡಿಸುವ ವೇಗಸ್ ನರದ ಮೂಲಕವೋ ಅಲ್ಲಿಗೆ ಮುಟ್ಟಿದರೆ, ಆರೋಗ್ಯವಂತ ಮಿದುಳಿಗಿಂತ ಎಷ್ಟೋ ಹೆಚ್ಚಾಗಿ ಪ್ರತಿಕ್ರಿಯಿಸುತ್ತವೆ ಎಂಬುದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ.

ನನ್ನ ಸೋದರತ್ತೆಗೆ ಕೊನೆಯ ವರ್ಷಗಳಲ್ಲಿ ಈ ಕಾಯಿಲೆಯಿತ್ತು. ಹೆಸರುಗಳು ಮರೆತಿದ್ದರೂ, ಮಲ್ಲಿಗೆ ಮೊಗ್ಗನ್ನು ಎರಡೆರಡಾಗಿ ಜೋಡಿಸಿ ಬಾಳೆನಾರಿನಲ್ಲಿ ಕಟ್ಟುವ ಕೆಲಸ ಅವರ ಬೆರಳುಗಳಿಗೆ ನೆನಪಿತ್ತು. ಒಮ್ಮೆ ಬೆಳಿಗ್ಗೆ ದೋಸೆ ತಿಂದು ಚೆನ್ನಾಗಿಯೇ ಇದ್ದವರು ಸಂಜೆಯ ಹೊತ್ತಿಗೆ ಸೊಸೆಯನ್ನು ಗುರುತಿಸದೆ, ಹೊದಿಕೆಯ ಅಂಚನ್ನು ಒಂದೇ ಸಮ ಕೀಳುತ್ತ, ಕಿಟಕಿಯಲ್ಲಿ ಯಾರೋ ನಿಂತಿದ್ದಾರೆ ಎನ್ನತೊಡಗಿದರು. ಜ್ವರವಿರಲಿಲ್ಲ. ‘ಕಾಯಿಲೆ ಜಾಸ್ತಿ ಆಯ್ತು, ಇನ್ನೇನು ಮಾಡೋಕಾಗತ್ತೆ’ ಎಂದು ಮನೆಯವರೆಲ್ಲ ಸುಮ್ಮನಾಗುವುದರಲ್ಲಿದ್ದರು. ಊರಿನ ಹಳೆಯ ವೈದ್ಯರು ಮಾತ್ರ ‘ಮೊದಲು ಮೂತ್ರ ಟೆಸ್ಟ್ ಮಾಡಿಸಿ’ ಎಂದರು. ಮೂತ್ರದ ಸೋಂಕು ಜೋರಾಗಿತ್ತು, ರಕ್ತದ ಚೀಟಿಯಲ್ಲಿ ನ್ಯೂಟ್ರೋಫಿಲ್ ಶೇಕಡಾ 84 ಎಂದಿತ್ತು, ಸಾಮಾನ್ಯಕ್ಕಿಂತ ಹೆಚ್ಚು. ಆಂಟಿಬಯಾಟಿಕ್ ಕೊಟ್ಟ ಮೇಲೆ ಸೊಸೆಯ ಗುರುತು ಮರಳಿತು, ಕಿಟಕಿಯಲ್ಲಿ ನಿಂತವರು ಹೋದರು, ಆದರೆ ಹೂ ಕಟ್ಟುವುದು ಮರಳಲಿಲ್ಲ. ಎಳೆ ಕೈಯಲ್ಲಿ ಹಿಡಿದು ಗಂಟಿನ ಹತ್ತಿರ ಬಂದು ನಿಂತುಬಿಡುತ್ತಿದ್ದರು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಡಿಮೆನ್ಷಿಯಾ ಇರುವವರಲ್ಲಿ ಒಂದೆರಡು ದಿನದೊಳಗೆ ಆಗುವ ಏರುಪೇರನ್ನು ಅರಳುಮರಳು ಎಂದು ಬಿಟ್ಟುಬಿಡುವುದು ನಮ್ಮಲ್ಲಿ ನಡೆಯುತ್ತಿರುವ ದೊಡ್ಡ ಅನ್ಯಾಯ. ಮರೆವು ತಿಂಗಳುಗಟ್ಟಲೆಯಲ್ಲಿ ಹೆಚ್ಚುತ್ತದೆ; ದಿಢೀರನೆ ಹೆಚ್ಚಿದರೆ ಮೂತ್ರದ ಸೋಂಕು, ನ್ಯುಮೋನಿಯಾ, ಕೊಳೆತ ಹಲ್ಲು, ಮಲಬದ್ಧತೆ, ಹೊಸ ಮಾತ್ರೆ ಇವುಗಳನ್ನು ಹುಡುಕಬೇಕು. ದೇಶದಲ್ಲಿ ಅರವತ್ತು ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂಬ ಅಂದಾಜನ್ನು ನೋಡಿದರೆ, ಈ ಒಂದು ಎಚ್ಚರದಿಂದ ಆಗುವ ಉಪಕಾರ ಯಾವ ಇಮ್ಯುನಿಟಿ ಡಬ್ಬಿಯಿಂದಲೂ ಆಗದು.

ಲ್ಯಾಬುಗಳ ಪ್ಯಾಕೇಜುಗಳ ಬಗ್ಗೆಯೂ ಒಂದು ಮಾತು. 2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿದ ಅಲ್ಝೈಮರ್ಸ್ ರಕ್ತಪರೀಕ್ಷೆ ಅಳೆಯುವುದು ಅಲ್ಝೈಮರ್ ಕಂಡ ಆ ನಾರು ಮತ್ತು ಶೇಖರಣೆಗಳಿಗೆ ಸಂಬಂಧಿಸಿದ ಟೌ ಮತ್ತು ಅಮಿಲಾಯ್ಡ್ ಪ್ರೋಟೀನುಗಳನ್ನು, ಬಿಳಿರಕ್ತಕಣಗಳನ್ನಲ್ಲ. ಅದೂ 55 ದಾಟಿದ, ಈಗಾಗಲೇ ಲಕ್ಷಣಗಳಿರುವವರಿಗೆ ಮಾತ್ರ. ನ್ಯೂಟ್ರೋಫಿಲ್, ಸಿಆರ್‌ಪಿಗಳ ವ್ಯತ್ಯಾಸ ಗುಂಪುಗಳ ಸರಾಸರಿಯಲ್ಲಿ ಕಾಣುವಂಥದ್ದು. ಒಬ್ಬ ವ್ಯಕ್ತಿಯಲ್ಲಿ ಅವು ಹಲ್ಲುನೋವಿಗೂ ಏರುತ್ತವೆ, ಸ್ಟೀರಾಯ್ಡ್ ಮಾತ್ರೆಗೂ ಎಣಿಕೆ ಬದಲಾಗುತ್ತದೆ. ಅವುಗಳಿಂದ ಮರೆವಿನ ಭವಿಷ್ಯ ಹೇಳುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ.

ರೋಗನಿರೋಧಕ ವ್ಯವಸ್ಥೆಗೂ ಮರೆವಿಗೂ ಇರುವ ನಂಟಿನ ಇನ್ನೊಂದು ಸುಳಿವು ಲಸಿಕೆಯಿಂದ ಬಂದಿದೆ. ಬ್ರಿಟನ್ನಿನ ವೇಲ್ಸ್‌ನಲ್ಲಿ 2013ರ ಸೆಪ್ಟೆಂಬರಿನಿಂದ ಸರ್ಪಸುತ್ತಿನ ಲಸಿಕೆ ಕೊಡುವಾಗ, 1933ರ ಸೆಪ್ಟೆಂಬರ್ 2ಕ್ಕೆ ಮೊದಲು ಹುಟ್ಟಿದವರಿಗೆ ಅದು ಸಿಗಲಿಲ್ಲ, ಆ ದಿನ ಮತ್ತು ನಂತರ ಹುಟ್ಟಿದವರಿಗೆ ಸಿಕ್ಕಿತು. ಕೆಲವೇ ವಾರ ಹಿಂದುಮುಂದಾಗಿ ಹುಟ್ಟಿದವರನ್ನು ಹೋಲಿಸಿ 2025ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಲಸಿಕೆ ಪಡೆದವರಲ್ಲಿ ಏಳು ವರ್ಷಗಳಲ್ಲಿ ಹೊಸ ಡಿಮೆನ್ಷಿಯಾ ಸುಮಾರು ಐದನೆಯ ಒಂದು ಪಾಲು ಕಡಿಮೆಯಾಗಿತ್ತು, ಹೆಂಗಸರಲ್ಲಿ ಪರಿಣಾಮ ಇನ್ನೂ ಸ್ಪಷ್ಟವಾಗಿತ್ತು. ನನಗೆ ಇದು ತುಂಬ ಭರವಸೆಯ ಫಲಿತಾಂಶವೆನಿಸುತ್ತದೆ.

ಈ ಜ್ಞಾನದ ಬಹುಪಾಲು ಬಂದಿರುವುದು ಯುರೋಪು ಮತ್ತು ಅಮೆರಿಕದ ಜನರ ರಕ್ತದಿಂದ. ಕ್ಷಯ, ಡೆಂಗಿ, ಹೊಟ್ಟೆಹುಳಗಳ ನಡುವೆ ಬೆಳೆದು ಮುದುಕರಾದವರ ಬಿಳಿರಕ್ತಕಣಗಳ ಚರಿತ್ರೆ ಅವರದ್ದಕ್ಕಿಂತ ಭಿನ್ನವಾಗಿರಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಳ ಕಾಲ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ. ಇಂಥ ಕಡೆ ರಕ್ತದಿಂದ ಕಣಗಳನ್ನು ತೆಗೆದ ಮೇಲೆ ಉಳಿಯುವ ತಿಳಿದ್ರವವಾದ ಸೀರಮ್ಮನ್ನು ಡೀಪ್ ಫ್ರೀಜರಿನಲ್ಲಿ ಇಡುವುದು ಸುಲಭ. ಬಿಳಿರಕ್ತಕಣಗಳನ್ನು ಜೀವಂತವಾಗಿ ಉಳಿಸಬೇಕೆಂದರೆ ತೆಗೆದ ಕೆಲವೇ ಗಂಟೆಗಳಲ್ಲಿ ಬೇರ್ಪಡಿಸಿ ದ್ರವ ಸಾರಜನಕದ ಶೀತದಲ್ಲಿ ಇಡಬೇಕು, ಅದಕ್ಕೆ ಖರ್ಚು ಹೆಚ್ಚು, ಪಳಗಿದ ಕೈಗಳೂ ಬೇಕು. ಸರ್ಕಾರಗಳೂ ದಾನಿಗಳೂ ನಮ್ಮ ಹಳ್ಳಿಗಳ ಇಂಥ ಅಧ್ಯಯನಗಳಲ್ಲಿ ಈ ಕೆಲಸಕ್ಕೆಂದೇ ಹಣ ತೆಗೆದಿಡಬೇಕು ಎಂಬುದು ನನ್ನ ಆಗ್ರಹ.